ನಮ್ಮ ಸಹಕಾರ ಸಂಘದ ಜಾಲತಾಣ ಕಣ್ಣು ಕಾಣದ ಸದಸ್ಯರಿಗೆ ಓದಲು ಸಿಗುತ್ತಿಲ್ಲ: ಎಲ್ಲಿಂದ ಸರಿಪಡಿಸಬೇಕು?

ಸಂಘದ ಗುಮಾಸ್ತ

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಪತ್ತಿನ ಸಹಕಾರ ಸಂಘದಲ್ಲಿ ನಾನು ಗುಮಾಸ್ತ. ಅಷ್ಟಿಷ್ಟು ಕಂಪ್ಯೂಟರ್ ಗೊತ್ತಿದೆ ಎಂಬ ಒಂದೇ ಕಾರಣಕ್ಕೆ ಸಂಘದ ಜಾಲತಾಣವನ್ನು ನೋಡಿಕೊಳ್ಳುವ ಕೆಲಸವೂ ನಾಲ್ಕು ವರ್ಷಗಳಿಂದ ನನ್ನ ಹೆಗಲಿಗೆ ಬಿದ್ದಿದೆ. ಠೇವಣಿ ಮತ್ತು ಸಾಲದ ಬಡ್ಡಿದರ, ಬೈಲಾ, ವಾರ್ಷಿಕ ವರದಿಗಳು, ಮಹಾಸಭೆಯ ನೋಟಿಸು, ಸುತ್ತೋಲೆಗಳು, ದೂರು ಸಲ್ಲಿಸುವ ಒಂದು ಅರ್ಜಿ, ಇಷ್ಟೇ ಅದರಲ್ಲಿರುವುದು.

ಕಳೆದ ವಾರ ಒಬ್ಬ ಹಿರಿಯ ಸದಸ್ಯರು ಫೋನು ಮಾಡಿದ್ದರು. ಅವರಿಗೆ ಎರಡೂ ಕಣ್ಣು ಕಾಣುವುದಿಲ್ಲ. ಮೊಬೈಲಿನಲ್ಲಿ, ತೆರೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಸುದ್ದಿಯನ್ನೂ ವಾಟ್ಸ್‌ಆ್ಯಪ್ ಸಂದೇಶಗಳನ್ನೂ ತಾವೇ ಓದಿಕೊಳ್ಳುತ್ತಾರೆ. ಬಡ್ಡಿ ರಿಯಾಯಿತಿಯೊಂದಿಗೆ ಹಳೆಯ ಸಾಲ ತೀರಿಸುವ ಬಗ್ಗೆ ನಾವು ಹಾಕಿದ್ದ ಸುತ್ತೋಲೆಯನ್ನು ಅವರು ತೆರೆದಾಗ ಫೋನು ಒಂದಕ್ಷರವನ್ನೂ ಓದಲಿಲ್ಲವಂತೆ. "ಪಕ್ಕದ ಮನೆಯ ಹುಡುಗನನ್ನು ಕರೆದು ಓದಿಸಿಕೊಂಡೆ ಮಾರಾಯರೇ, ಓದಿದ ಮೇಲೆ ನಾನು ಸುಸ್ತಿದಾರ ಎನ್ನುವುದು ಅವನಿಗೂ ತಿಳಿಯಿತು, ಅವನ ಮನೆಗೂ ತಿಳಿಯಿತು" ಎಂದರು. ಸಿಟ್ಟಿನಿಂದ ಹೇಳಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಅವರು ನಗುತ್ತಲೇ ಹೇಳಿದರು.

ಆ ಸುತ್ತೋಲೆಯನ್ನು ಕಾರ್ಯದರ್ಶಿಗಳ ಸಹಿ ಮತ್ತು ಮೊಹರು ಬಿದ್ದ ಮೇಲೆ ಸ್ಕ್ಯಾನ್ ಮಾಡಿ ಏರಿಸಿದವನು ನಾನೇ. ಸೆಪ್ಟೆಂಬರಿನಲ್ಲಿ ವಾರ್ಷಿಕ ಮಹಾಸಭೆ ಇದೆ. ಅಷ್ಟರೊಳಗೆ ಏನು ಮಾಡಬಹುದು, ಯಾವುದನ್ನು ಮೊದಲು ಮಾಡಬೇಕು ಎಂದು ತಿಳಿದವರು ದಯವಿಟ್ಟು ತಿಳಿಸಬೇಕು. ಇದಕ್ಕೆಂದು ಸಂಘದಿಂದ ಹಣ ಮಂಜೂರಾಗುವ ಭರವಸೆ ನನಗಿಲ್ಲ.

ಕೇಳಿ ಓದುವವ

ಗುಮಾಸ್ತರೇ, ಆ ಹಿರಿಯರ ಜಾಗದಲ್ಲಿ ನಾನು ಎಷ್ಟೋ ಸಲ ಇದ್ದೇನೆ. ನಾನು ಹುಟ್ಟು ಅಂಧ. ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಮೊಬೈಲಿನಲ್ಲಿ ಟಾಕ್‌ಬ್ಯಾಕ್, ಹಗಲೆಲ್ಲ ಇವೆರಡರ ಮಾತು ಕೇಳಿಕೊಂಡೇ ನನ್ನ ಕೆಲಸ ಸಾಗುತ್ತದೆ.

ಇವೆರಡೂ ಸ್ಕ್ರೀನ್ ರೀಡರ್‌ಗಳು, ಅಂದರೆ ಓದಿ ಹೇಳುವ ತಂತ್ರಾಂಶಗಳು. ಸ್ಕ್ರೀನ್ ರೀಡರ್ ತೆರೆಯ ಮೇಲಿನ ಚಿತ್ರವನ್ನು ನೋಡುವುದಿಲ್ಲ. ಅದರ ಹಿಂದಿರುವ ಅಕ್ಷರಗಳನ್ನು ಓದುತ್ತದೆ. ಸ್ಕ್ಯಾನ್ ಮಾಡಿದ ಪುಟದ ಹಿಂದೆ ಅಕ್ಷರಗಳೇ ಇಲ್ಲ. ಅದು ಕಾಗದದ ಫೋಟೋ, ಅಷ್ಟೆ. ಹಾಗಾಗಿ ನಿಮ್ಮ ಸುತ್ತೋಲೆ ನನಗೆ ಖಾಲಿ ಪುಟ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚುವ ಬಣ್ಣಬಣ್ಣದ ಆಮಂತ್ರಣಗಳ ಕಥೆಯೂ ಇದೇ. ಸಾವಿನ ಸುದ್ದಿಯನ್ನೂ ಜನ ಚಿತ್ರವಾಗಿಯೇ ಕಳಿಸುತ್ತಾರೆ; ಎಲ್ಲರೂ "ಓಂ ಶಾಂತಿ" ಎಂದು ಬರೆಯತೊಡಗಿದ ಮೇಲೆ ಯಾರೋ ತೀರಿಕೊಂಡಿದ್ದಾರೆಂದು ನನಗೆ ಅಂದಾಜಾಗುತ್ತದೆ, ಯಾರೆಂದು ತಿಳಿಯುವುದಿಲ್ಲ.

ಆದರೆ ಕನ್ನಡದ ಮಟ್ಟಿಗೆ ಸ್ಕ್ಯಾನ್ ಒಂದೇ ತೊಂದರೆಯಲ್ಲ. ನಿಮ್ಮ ಸಂಘದಲ್ಲಿ ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡುವ ಅಭ್ಯಾಸ ಇನ್ನೂ ಇದೆಯೇ? ಆ ಕ್ರಮದಲ್ಲಿ ಕಡತದೊಳಗೆ ಉಳಿಯುವುದು ಕನ್ನಡ ಅಕ್ಷರವಲ್ಲ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು. ಅವುಗಳ ಮೇಲೆ ಫಾಂಟು ಕನ್ನಡದ ರೂಪವನ್ನು ಹೊದಿಸಿ ತೋರಿಸುತ್ತದೆ. ಕಣ್ಣಿಗೆ ಅದು ಅಚ್ಚ ಕನ್ನಡ, ಕಿವಿಗೆ ಬರೀ ಗದ್ದಲ. "ಕನ್ನಡ" ಎಂಬ ಮೂರಕ್ಷರದ ಪದವನ್ನೇ ಹಳೆಯ ನುಡಿ ಫಾಂಟಿನಲ್ಲಿ ಬರೆದು, ಬಾಣದ ಕೀಲಿ ಒತ್ತುತ್ತಾ ಒಂದೊಂದೇ ಅಕ್ಷರವಾಗಿ ಕೇಳಿದರೆ ನನಗೆ ಕೇಳುವುದು ಇಷ್ಟು: ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್, ಶಾರ್ಪ್ ಎಸ್, ಕ್ಯೂ, ಎ ಗ್ರೇವ್. ನಮ್ಮ ಭಾಷೆಯ ಹೆಸರಿನ ನಡುವೆ ಇಂಗ್ಲೆಂಡಿನ ನಾಣ್ಯವೊಂದು ಕುಳಿತಿದೆ.

ಕನ್ನಡ ಅಕ್ಷರ ಕನ್ನಡ ಅಕ್ಷರವಾಗಿಯೇ ಕಡತದಲ್ಲಿ ಉಳಿಯುವ ಯೂನಿಕೋಡಿನಲ್ಲಿ ಬರೆದರೆ ಮುಗಿಯಿತೇ ಎಂದರೆ ಅಲ್ಲೂ ಒಂದು ಗಂಡಾಂತರ ಉಂಟು. ಅರ್ಕಾವತ್ತು ಹೇಗೆ ಮೂಡಿಸಬೇಕೆಂದು ತಿಳಿಯದವರು ಅದರ ಜಾಗದಲ್ಲಿ ಕನ್ನಡದ ಒಂಬತ್ತನ್ನು ಹಾಕುತ್ತಾರೆ, ಅನುಸ್ವಾರಕ್ಕೆ ಕನ್ನಡದ ಸೊನ್ನೆಯನ್ನು ಒತ್ತುತ್ತಾರೆ. "ಕನಾ೯ಟಕ" ಎಂದೂ "ಬೆ೦ಗಳೂರು" ಎಂದೂ ಬರೆದಿದ್ದರೆ ಕಣ್ಣಿಗೆ ವ್ಯತ್ಯಾಸ ಕಾಣದೆ ಹೋಗಬಹುದು. ನನ್ನ ಯಂತ್ರ ಮಾತ್ರ "ಕನಾ ಒಂಬತ್ತು ಟಕ", "ಬೆ ಸೊನ್ನೆ ಗಳೂರು" ಎಂದು ಓದುತ್ತದೆ. ಹೆಸರಿನಲ್ಲಾದರೆ ನಕ್ಕು ಸುಮ್ಮನಾಗಬಹುದು. "ವಾಷಿ೯ಕ ಬಡ್ಡಿ 12" ಎಂದು ನೀವು ಬರೆದಿದ್ದರೆ ಆ ಒಂಬತ್ತು ಬಡ್ಡಿಗೆ ಸೇರಿದ್ದೋ ಪದಕ್ಕೆ ಸೇರಿದ್ದೋ ಎಂದು ನಾನು ಹಿಂದೆ ಮುಂದೆ ಹೋಗಿ ಕೇಳಿ ಬಿಡಿಸಿಕೊಳ್ಳಬೇಕು.

ಜಾಲಕರ್ಮಿ, ಮೈಸೂರು

ನಾನು ಹನ್ನೆರಡು ವರ್ಷಗಳಿಂದ ಜಾಲತಾಣಗಳನ್ನು ಕಟ್ಟುತ್ತಿದ್ದೇನೆ. ಮೊದಲ ಆರು ವರ್ಷ ಈ ವಿಷಯದ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲವೆಂದು ಒಪ್ಪಿಕೊಂಡೇ ಬರೆಯುತ್ತಿದ್ದೇನೆ.

ಗುಮಾಸ್ತರೇ, ನಿಮ್ಮ ಪುಟದ ಮೂಲ ಸಂಕೇತವನ್ನು ತೆರೆದು ಮೊದಲ ಸಾಲುಗಳನ್ನು ನೋಡಿ. ಅಲ್ಲಿ ಪುಟದ ಭಾಷೆ ಯಾವುದೆಂದು ಹೇಳುವ "ಲ್ಯಾಂಗ್" ಎಂಬ ಗುರುತು ಇರುತ್ತದೆ. ಸಿದ್ಧ ವಿನ್ಯಾಸಗಳನ್ನು ತಂದು ಕನ್ನಡ ತುಂಬಿದ ತಾಣಗಳಲ್ಲಿ ಹೆಚ್ಚಿನಂಶ ಅದು "ಇಎನ್" ಎಂದೇ ಉಳಿದಿರುತ್ತದೆ. ಅಂದರೆ ಇದು ಇಂಗ್ಲಿಷ್ ಪುಟ ಎಂದು ನೀವೇ ಸಾರಿದ ಹಾಗಾಯಿತು. ಆಗ ಕೆಲವು ಧ್ವನಿಗಳು ಕನ್ನಡ ಅಕ್ಷರಗಳನ್ನು ಹಾರಿಸಿಬಿಡುತ್ತವೆ, ಕೆಲವು ತಮಗೆ ಬಂದಂತೆ ಒದರುತ್ತವೆ. ಆ ಎರಡಕ್ಷರವನ್ನು "ಕೆಎನ್" ಎಂದು ಬದಲಿಸಿದರೆ ಎನ್‌ವಿಡಿಎ ತನ್ನೊಂದಿಗೇ ಬರುವ ಈಸ್ಪೀಕ್‌ನ ಕನ್ನಡ ಧ್ವನಿಗೆ ತಾನಾಗಿ ಬದಲಾಗಬಲ್ಲದು. ಆ ಧ್ವನಿ ಲೋಹದ ಡಬ್ಬಿಯೊಳಗಿಂದ ಬಂದಂತಿರುತ್ತದೆ, ನಿಜ, ಆದರೆ ಅರ್ಥವಾಗುತ್ತದೆ. ಇದಕ್ಕೆ ತಗಲುವುದು ಎರಡು ನಿಮಿಷ, ಖರ್ಚು ಸೊನ್ನೆ.

ಎನ್‌ವಿಡಿಎ ಉಚಿತ ತಂತ್ರಾಂಶ. 2006ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರ್ರನ್ ಎಂಬ ಅಂಧ ಯುವಕ ಆರಂಭಿಸಿದ್ದು. ಅದನ್ನು ನಿಮ್ಮ ಕಚೇರಿಯ ಕಂಪ್ಯೂಟರಿಗೆ ಹಾಕಿಕೊಳ್ಳಿ. ಅದರಲ್ಲಿ "ಸ್ಪೀಚ್ ವ್ಯೂವರ್" ಎಂಬ ಸೌಲಭ್ಯವಿದೆ. ಬಾಯಲ್ಲಿ ಹೇಳುವುದನ್ನೆಲ್ಲ ಅದು ಒಂದು ಕಿಟಕಿಯಲ್ಲಿ ಬರೆದೂ ತೋರಿಸುತ್ತದೆ, ವೇಗದ ಮಾತಿಗೆ ಹೊಂದಿಕೊಳ್ಳದ ನಮ್ಮಂಥವರಿಗೆ ಅನುಕೂಲ. ಮೊದಲು ಕನ್ನಡ ವಿಕಿಪೀಡಿಯದ ಯಾವುದಾದರೂ ದೊಡ್ಡ ಲೇಖನ ತೆರೆದು ಹೆಚ್ ಕೀಲಿಯನ್ನು ಒತ್ತುತ್ತಾ ಹೋಗಿ. ಒಂದೊಂದು ಒತ್ತಿಗೂ ಒಂದೊಂದು ಶೀರ್ಷಿಕೆಗೆ ಜಿಗಿಯುತ್ತದೆ. ನಾವು ಪುಸ್ತಕದ ಪುಟ ತಿರುವಿ ತಲೆಬರಹ ನೋಡಿ ಬೇಕಾದಲ್ಲಿ ನಿಲ್ಲುವ ಹಾಗೆ ಅವರು ಓದುವುದು ಹೀಗೆ. ಬಳಿಕ ನಿಮ್ಮ ಸಂಘದ ತಾಣದಲ್ಲಿ ಅದೇ ಕೀಲಿ ಒತ್ತಿ ನೋಡಿ. ಅಕ್ಷರವನ್ನು ದೊಡ್ಡದು ಮಾಡಿ ದಪ್ಪಗೊಳಿಸಿ ತಲೆಬರಹವೆಂದು ತೋರಿಸಿದ್ದರೆ "ಮುಂದೆ ಶೀರ್ಷಿಕೆಗಳಿಲ್ಲ" ಎಂಬ ಉತ್ತರ ಬರುತ್ತದೆ. ಅದನ್ನು ನಿಜವಾದ ಶೀರ್ಷಿಕೆಯ ಟ್ಯಾಗಿಗೆ ಬದಲಿಸಬೇಕು.

ಕೆ ಒತ್ತಿದರೆ ಕೊಂಡಿಗಳು ಒಂದಾದ ಮೇಲೊಂದು ಕೇಳುತ್ತವೆ. "ಇಲ್ಲಿ ಕ್ಲಿಕ್ಕಿಸಿ, ಇಲ್ಲಿ ಕ್ಲಿಕ್ಕಿಸಿ, ಇಲ್ಲಿ ಕ್ಲಿಕ್ಕಿಸಿ" ಎಂದು ಏಳು ಸಲ ಕೇಳಿದಾಗ ಕೊಂಡಿಗೆ ಹೆಸರಿಡುವುದು ಏಕೆ ಮುಖ್ಯವೆಂದು ಯಾರೂ ವಿವರಿಸಬೇಕಾಗುವುದಿಲ್ಲ.

ಹಳೆಯ ಲೆಕ್ಕಿಗ

ಚರ್ಚೆಗೆ ತಣ್ಣೀರೆರಚುವ ಉದ್ದೇಶ ನನಗಿಲ್ಲ. ಸಹಕಾರ ಸಂಘಗಳ ಲೆಕ್ಕಪತ್ರಗಳನ್ನು ಮೂವತ್ತು ವರ್ಷ ನೋಡಿದವನಾಗಿ ಒಂದು ಪ್ರಶ್ನೆ ಕೇಳುತ್ತೇನೆ. ಎರಡು ಸಾವಿರ ಸದಸ್ಯರಿರುವ ಸಂಘದಲ್ಲಿ ಕಣ್ಣು ಕಾಣದವರು ಎಷ್ಟು ಮಂದಿ ಇದ್ದಾರು? ಒಬ್ಬರೋ ಇಬ್ಬರೋ. ಅವರ ಮನೆಗೇ ಒಬ್ಬ ನೌಕರರನ್ನು ಕಳುಹಿಸಿ ಓದಿ ಹೇಳಿದರೆ ಆಗದೇ? ಆಡಳಿತ ಮಂಡಳಿಯ ಮುಂದೆ ಇದಕ್ಕೆ ಹಣ ಕೇಳಿದರೆ ಇದೇ ಪ್ರಶ್ನೆ ಬರುತ್ತದೆ, ಆದ್ದರಿಂದ ಗುಮಾಸ್ತರು ಉತ್ತರ ಸಿದ್ಧಮಾಡಿಕೊಂಡಿರುವುದು ಒಳ್ಳೆಯದು.

ಇನ್ನೊಂದು ವಿಷಯ. ಸಹಿ ಮತ್ತು ಮೊಹರಿಲ್ಲದ ನೋಟಿಸನ್ನು ಯಾರು ನಂಬುತ್ತಾರೆ? ಸ್ಕ್ಯಾನ್ ಮಾಡುವ ಪದ್ಧತಿ ಸುಮ್ಮನೆ ಬಂದದ್ದಲ್ಲ.

ಕೇಳಿ ಓದುವವ

ಲೆಕ್ಕಿಗರೇ, ನೌಕರರು ಮನೆಗೆ ಬಂದು ಓದಿದರೂ ಅದು ಪಕ್ಕದ ಮನೆಯ ಹುಡುಗ ಓದಿದ ಹಾಗೆಯೇ. ಸುಸ್ತಿ ಸಾಲದ ಮಾತು ಮೂರನೆಯ ಕಿವಿಗೆ ಬೀಳುವುದೇ ಇಲ್ಲಿರುವ ತೊಂದರೆ. ನೀವು ನಿಮ್ಮ ಪಾಸ್‌ಬುಕ್ಕನ್ನು ಇನ್ನೊಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿಕೊಳ್ಳುವಿರಾ?

ಎಷ್ಟು ಮಂದಿ ಎಂಬುದಕ್ಕೆ 2011ರ ಜನಗಣತಿಯ ಲೆಕ್ಕವೇ ಇದೆ: ದೇಶದಲ್ಲಿ 2.68 ಕೋಟಿ ಅಂಗವಿಕಲರು, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. ಅದು ಏಳು ಎಂಟು ಬಗೆಯ ಊನಗಳನ್ನಷ್ಟೇ ಗುರುತಿಸಿದ ಎಣಿಕೆ; 2016ರ ಕಾಯ್ದೆ 21 ಬಗೆಗಳನ್ನು ಪಟ್ಟಿ ಮಾಡಿದೆ. ಕಣ್ಣಿನ ಪೊರೆ ಬಂದ ಅಜ್ಜಿಯರನ್ನೂ ಕೈನಡುಕದ ಅಜ್ಜಂದಿರನ್ನೂ ಯಾರೂ ಈ ಪಟ್ಟಿಗೆ ಬರೆದುಕೊಳ್ಳುವುದಿಲ್ಲ, ಆದರೆ ನಿಮ್ಮ ಎರಡು ಸಾವಿರದಲ್ಲಿ ಅವರೇ ಹೆಚ್ಚಿರುತ್ತಾರೆ.

ಸಹಿಯ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಅದಕ್ಕೆ ಸ್ಕ್ಯಾನನ್ನು ತೆಗೆಯಬೇಕಾಗಿಲ್ಲ. ಸುತ್ತೋಲೆಯ ಪೂರ್ತಿ ಪಠ್ಯವನ್ನು ಪುಟದಲ್ಲಿಯೇ ಬರೆದು, ಕೆಳಗೆ "ಸಹಿ ಇರುವ ಪ್ರತಿ" ಎಂಬ ಕೊಂಡಿಯಲ್ಲಿ ಸ್ಕ್ಯಾನನ್ನೂ ಇಡಬಹುದು. ಸ್ಕ್ಯಾನ್ ಆಗುವ ಮುನ್ನ ಆ ಪಠ್ಯ ಯಾರದೋ ಕಂಪ್ಯೂಟರಿನಲ್ಲಿ ಟೈಪಾಗಿಯೇ ಇತ್ತಲ್ಲ! ಇದ್ದ ಅಕ್ಷರವನ್ನು ಮುದ್ರಿಸಿ, ಮೊಹರು ಒತ್ತಿ, ಫೋಟೋ ತೆಗೆದು, ಅಕ್ಷರವಿಲ್ಲದಂತೆ ಮಾಡಿ ಏರಿಸುವ ಈ ಶ್ರಮ ನಮ್ಮ ಎಲ್ಲ ಕಚೇರಿಗಳಲ್ಲೂ ನಡೆಯುತ್ತದೆ.

ನಿವೃತ್ತ ಮೇಷ್ಟರು

ನನಗೆ ಎಪ್ಪತ್ತೊಂದು ವರ್ಷ. ಗ್ಲಾಕೋಮಾದಿಂದ ದೃಷ್ಟಿ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಆದ್ದರಿಂದ ಓದುವ ಧ್ವನಿಯ ಗೊಡವೆಗೆ ಹೋಗದೆ ಅಕ್ಷರವನ್ನು ಹಿಗ್ಗಿಸಿಕೊಂಡು ಓದುತ್ತೇನೆ. ನಮ್ಮಂಥವರ ಕಷ್ಟ ಬೇರೆ ಬಗೆಯದು, ಅದನ್ನೂ ಇಲ್ಲಿ ದಾಖಲಿಸಬೇಕೆನಿಸಿತು.

ಈಚಿನ ವಿನ್ಯಾಸಗಾರರಿಗೆ ಬಿಳಿಯ ಮೇಲೆ ತೆಳು ಬೂದು ಬಣ್ಣದ ಅಕ್ಷರ ಅದೇಕೋ ಬಲು ಇಷ್ಟ. ಕನ್ನಡದಲ್ಲಿ ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ ಇವುಗಳ ವ್ಯತ್ಯಾಸವೆಲ್ಲ ಅಡಿಯಲ್ಲಿರುವ ಒಂದು ಸಣ್ಣ ಸೀಳಿನಲ್ಲಿದೆ. ಮ ಮತ್ತು ವ, ಪ ಮತ್ತು ಷ ಕೂಡ ಹತ್ತಿರದ ನೆಂಟರು. ಇಂಗ್ಲಿಷಿಗೆ ಸಾಕಾಗುವ ಗಾತ್ರವನ್ನೇ ಕನ್ನಡಕ್ಕೂ ಇಟ್ಟರೆ ಈ ಸೀಳುಗಳು ಮುಚ್ಚಿಹೋಗುತ್ತವೆ. ಮೂವತ್ತೈದು ವರ್ಷ ಮಕ್ಕಳಿಗೆ ಮಹಾಪ್ರಾಣ ತಿದ್ದಿದವನು ನಾನು. ಈಗ "ಧನ" ಎಂದಿದೆಯೋ "ದನ" ಎಂದಿದೆಯೋ ಎಂದು ನಾನೇ ಮುಂದಿನ ವಾಕ್ಯ ಓದಿ ತೀರ್ಮಾನಿಸುತ್ತೇನೆ.

ಸರಿ, ದೊಡ್ಡದು ಮಾಡಿಕೊಳ್ಳೋಣವೆಂದರೆ ಇನ್ನೊಂದು ಅವಾಂತರ. ಬಟನ್ನಿನ ಎತ್ತರವನ್ನು ಇಂಗ್ಲಿಷ್ ಅಕ್ಷರದ ಅಳತೆಗೆ ಬಿಗಿಯಾಗಿ ಕಟ್ಟಿರುತ್ತಾರೆ. ಹಿಗ್ಗಿಸಿದೊಡನೆ ಒತ್ತಕ್ಷರಗಳೆಲ್ಲ ಕೆಳಗೆ ಕತ್ತರಿಸಿಹೋಗುತ್ತವೆ. ಅಡಿಯಲ್ಲಿ ಒತ್ತಕ್ಷರ, ಮೇಲೆ ಗುಡಿಸು ಮತ್ತು ಏತ್ವ ಇರುವ ಲಿಪಿಗೆ ಸಾಲುಗಳ ನಡುವೆ ಉಸಿರಾಡುವಷ್ಟು ಜಾಗ ಬೇಕೆಂಬುದನ್ನು ಹಿಂದಿನ ಮೊಳೆ ಜೋಡಿಸುವವರು ಬಲ್ಲವರಾಗಿದ್ದರು.

ಜಾಲಕರ್ಮಿ, ಮೈಸೂರು

ಮೇಷ್ಟರೇ, ನೀವು ಹೇಳಿದ ಎರಡಕ್ಕೂ ಅಳತೆಗಳಿವೆ. ಅಂಗವಿಕಲರಿಗೂ ಜಾಲತಾಣ ಬಳಸಲು ಬರುವಂತೆ ಮಾಡಲು ಜಗತ್ತಿನಾದ್ಯಂತ ಅನುಸರಿಸುವ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಬಣ್ಣದ ಅಂತರ ಕನಿಷ್ಠ 4.5ಕ್ಕೆ 1ರಷ್ಟಿರಬೇಕು. ಬಿಳಿಯ ಮೇಲೆ #999 ಎಂಬ ಆ ಜನಪ್ರಿಯ ಬೂದು ಬಣ್ಣ 2.85ಕ್ಕೇ ನಿಲ್ಲುತ್ತದೆ, #767676 ಎಂಬ ಇನ್ನಷ್ಟು ಗಾಢ ಬೂದು ಗಡಿ ದಾಟುತ್ತದೆ. ಕನ್ನಡಕ್ಕೆ ನಾನು #595959ಕ್ಕಿಂತ ತೆಳುವಾದದ್ದನ್ನು ಬಳಸುವುದಿಲ್ಲ. ಅಕ್ಷರವನ್ನು ಎರಡರಷ್ಟು ಹಿಗ್ಗಿಸಿದರೂ ಏನೂ ಕತ್ತರಿಸಿಹೋಗಬಾರದೆಂಬುದೂ ಅದರಲ್ಲಿದೆ. ಪರಿಹಾರ ಸುಲಭ: ಪೆಟ್ಟಿಗೆಗೆ ಖಚಿತ ಎತ್ತರ ಕೊಡದೆ ಅಕ್ಷರ ಬೆಳೆದಂತೆ ಅದೂ ಬೆಳೆಯಲು ಬಿಡಬೇಕು, ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.6ರಿಂದ 1.8 ಪಟ್ಟಿನವರೆಗೆ ಇಡಬೇಕು. ಈ ಕೊನೆಯ ಸಂಖ್ಯೆ ಮಾರ್ಗಸೂಚಿಯದಲ್ಲ, ನನ್ನ ಅನುಭವದ್ದು.

ಕೈನಡುಕ

ಒಂದೇ ಮಾತು ಸೇರಿಸುತ್ತೇನೆ. ಪಾರ್ಕಿನ್ಸನ್ಸ್ ಇರುವುದರಿಂದ ನಾನು ಮೌಸ್ ಹಿಡಿಯಲಾರೆ. ಟ್ಯಾಬ್ ಮತ್ತು ಎಂಟರ್ ಕೀಲಿಗಳಿಂದಲೇ ಎಲ್ಲ ಮಾಡುತ್ತೇನೆ. ಟ್ಯಾಬ್ ಒತ್ತಿದಾಗ ನಾನೀಗ ಯಾವ ಬಟನ್ನಿನ ಮೇಲಿದ್ದೇನೆ ಎಂದು ತೋರಿಸುವ ಗೆರೆ ಪೆಟ್ಟಿಗೆಯೊಂದು ಮೂಡಬೇಕು. ಅದು ಅಂದಗೆಡಿಸುತ್ತದೆಂದು ವಿನ್ಯಾಸಗಾರರು ಅಳಿಸಿಬಿಡುತ್ತಾರೆ. ಒಮ್ಮೆ ಒಂದು ತಾಣದಲ್ಲಿ ಟಿಕೆಟ್ ಮುಂಗಡ ಕಾಯ್ದಿರಿಸಲು ಹೋಗಿ, ಎಲ್ಲಿದ್ದೇನೆಂದು ತಿಳಿಯದೆ ಎಂಟರ್ ಒತ್ತಿ, ತುಂಬಿದ್ದನ್ನೆಲ್ಲ ಅಳಿಸಿಕೊಂಡೆ. ಗುಮಾಸ್ತರೇ, ಮೌಸನ್ನು ಒಂದು ಗಂಟೆ ಬೀರುವಿನಲ್ಲಿಟ್ಟು ನಿಮ್ಮ ದೂರಿನ ಅರ್ಜಿಯನ್ನು ನೀವೇ ತುಂಬಿ ನೋಡಿ.

ಕಾನೂನು ವಿದ್ಯಾರ್ಥಿನಿ

ಲೆಕ್ಕಿಗರು ಆಡಳಿತ ಮಂಡಳಿಯ ಪ್ರಶ್ನೆಯನ್ನು ಎತ್ತಿರುವುದರಿಂದ ಕಾನೂನಿನ ಸ್ಥಿತಿಯನ್ನು ಬರೆಯುತ್ತೇನೆ, ಮಂಡಳಿಯ ಮುಂದೆ ಇದು ಉಪಯೋಗಕ್ಕೆ ಬಂದೀತು.

ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. ಅದಕ್ಕನುಗುಣವಾಗಿ ಬಂದದ್ದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. ಅದರ 40ನೆಯ ಕಲಂ ಮಾನದಂಡಗಳನ್ನು ರೂಪಿಸಲು ಕೇಂದ್ರ ಸರ್ಕಾರಕ್ಕೆ ಹೇಳುತ್ತದೆ, 42ನೆಯದು ಮಾಹಿತಿ ತಂತ್ರಜ್ಞಾನಕ್ಕೆ ಸಂಬಂಧಿಸಿದೆ, 46ನೆಯದು ಸರ್ಕಾರಿ ಮತ್ತು ಖಾಸಗಿ ಸೇವೆ ನೀಡುವವರಿಬ್ಬರನ್ನೂ ಒಳಗೊಳ್ಳುತ್ತದೆ. 89ನೆಯ ಕಲಮಿನಂತೆ ಮೊದಲ ಉಲ್ಲಂಘನೆಗೆ 10,000 ರೂಪಾಯಿಯವರೆಗೆ, ಮುಂದಿನವುಗಳಿಗೆ 50,000ದಿಂದ 5 ಲಕ್ಷ ರೂಪಾಯಿಯವರೆಗೆ ದಂಡವಿದೆ. 2017ರ ನಿಯಮಗಳ 15ನೆಯ ನಿಯಮದಲ್ಲಿ, ಜಾಲತಾಣದಲ್ಲಿಡುವ ದಾಖಲೆಗಳು ಇಪಬ್ ಎಂಬ ಇ-ಪುಸ್ತಕದ ರೂಪದಲ್ಲಾಗಲಿ ಅಕ್ಷರ ಗುರುತಿಸಿದ ಪಿಡಿಎಫ್ ರೂಪದಲ್ಲಾಗಲಿ ಇರಬೇಕೆಂದು ಬರೆದೇ ಇತ್ತು.

ನಂತರ ನಡೆದದ್ದು ಹೆಚ್ಚು ಸ್ವಾರಸ್ಯದ್ದು. ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು, ಕಾಯ್ದೆ ಕಡ್ಡಾಯ ಮಾನದಂಡಗಳನ್ನು ಕೇಳುತ್ತಿರುವಾಗ ಈ ನಿಯಮ ಬರೀ ಸಲಹೆಗಳನ್ನು ಕೊಡುತ್ತಿದೆ, ಆದ್ದರಿಂದ 15ನೆಯ ನಿಯಮದ ಮೊದಲ ಉಪನಿಯಮ ಕಾಯ್ದೆಗೆ ಹೊಂದುವುದಿಲ್ಲವೆಂದು ಹೇಳಿ, ಕಡ್ಡಾಯವಾದವುಗಳನ್ನು ಬೇರ್ಪಡಿಸಿ ರೂಪಿಸಲು ಸರ್ಕಾರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಮುಂದೆ 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದ ತೀರ್ಪು ಬಂತು. ಆ್ಯಸಿಡ್ ದಾಳಿಯಲ್ಲಿ ಕಣ್ಣಿಗೆ ಗಾಯವಾದವರು ಇ-ಕೆವೈಸಿಯ ವೇಳೆ "ಕಣ್ಣು ಮಿಟುಕಿಸಿ" ಎಂಬ ಸೂಚನೆಯನ್ನು ಪಾಲಿಸಲಾಗದೆ ಖಾತೆ ತೆರೆಯಲಾರದೇ ಹೋದರೆಂಬುದು ಅದರ ಹಿನ್ನೆಲೆ. ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿ ನ್ಯಾಯಾಲಯ 20 ನಿರ್ದೇಶನಗಳನ್ನು ಕೊಟ್ಟಿತು. ಮನೆಗೆ ನೌಕರರನ್ನು ಕಳುಹಿಸುತ್ತೇವೆ ಎಂಬ ವಾದಕ್ಕೆ ಈ ತೀರ್ಪಿನ ನಂತರ ಹೆಚ್ಚು ಬಲ ಉಳಿದಿಲ್ಲವೆಂದು ನನ್ನ ಅಭಿಪ್ರಾಯ.

ಸನ್ನೆಮಾತಿನ ಮನೆ

ನನ್ನ ಮಗಳಿಗೆ ಕಿವಿ ಕೇಳಿಸುವುದಿಲ್ಲ. ಮನೆಯಲ್ಲಿ ನಾವು ಸನ್ನೆಯಲ್ಲಿ ಮಾತಾಡುತ್ತೇವೆ. ಕಿವುಡರು ಹೇಗೂ ಕಣ್ಣಿನಿಂದ ಓದುತ್ತಾರಲ್ಲ, ಅವರಿಗೆ ಜಾಲತಾಣದಲ್ಲಿ ಏನು ತೊಂದರೆ ಎಂದು ಬಹಳ ಜನ ಕೇಳುತ್ತಾರೆ. ನಿಮ್ಮ ತಾಣದ "ಸಂಪರ್ಕ" ಪುಟದಲ್ಲಿ ಬರೀ ಫೋನು ಸಂಖ್ಯೆ ಇದೆಯೇ ನೋಡಿ. ಅವಳು ಫೋನು ಮಾಡಿ ಏನು ಮಾಡಬೇಕು? ಓಟಿಪಿಯನ್ನು ಕರೆಯ ಮೂಲಕ ಹೇಳುವ ತಾಣವೊಂದರಲ್ಲಿ ಅವಳ ಪಾಸ್‌ವರ್ಡ್ ಬದಲಿಸಲು ನಾನು ರಜೆ ಹಾಕಿ ಪಕ್ಕದಲ್ಲಿ ಕೂರಬೇಕಾಯಿತು. ಒಂದು ಇಮೇಲ್ ವಿಳಾಸ, ಸಂದೇಶ ಕಳುಹಿಸಬಹುದಾದ ಒಂದು ಸಂಖ್ಯೆ, ಇವಿದ್ದರೆ ಅವಳಿಗೆ ಅರ್ಧ ಕೆಲಸ ಸುಲಭ. ಅಧ್ಯಕ್ಷರ ಭಾಷಣದ ವಿಡಿಯೊ ಹಾಕುವುದಾದರೆ ಅಡಿಬರಹ ಬೇಕು. ಇನ್ನೊಂದು ಮಾತು: ಸನ್ನೆಯೇ ಮೊದಲ ಭಾಷೆಯಾದವರಿಗೆ ಕನ್ನಡ ಎರಡನೆಯ ಭಾಷೆ. "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ" ಎಂದು ಶುರುವಾಗುವ ವಾಕ್ಯ ಅವಳಿಗಷ್ಟೇ ಅಲ್ಲ, ನನಗೂ ಕಷ್ಟ.

ಸಂಘದ ಗುಮಾಸ್ತ

ಇಷ್ಟೊಂದು ಉತ್ತರಗಳನ್ನು ನಾನು ನಿರೀಕ್ಷಿಸಿರಲಿಲ್ಲ. ಎರಡು ದಿನ ಸಂಜೆ ಕೂತು ಮಾಡಿದ್ದನ್ನು ವರದಿ ಮಾಡುತ್ತೇನೆ.

ಭಾಷೆಯ ಗುರುತು "ಇಎನ್" ಎಂದೇ ಇತ್ತು, ಬದಲಿಸಿದೆ. ಮೌಸನ್ನು ಬೀರುವಿನಲ್ಲಿಟ್ಟು ದೂರಿನ ಅರ್ಜಿ ತುಂಬಲು ಹೋದೆ. ಹೆಸರು, ಸದಸ್ಯತ್ವ ಸಂಖ್ಯೆ ಎಂಬ ಪದಗಳು ಪಕ್ಕದಲ್ಲಿ ಕಾಣುತ್ತಿದ್ದರೂ ಎನ್‌ವಿಡಿಎ ಪ್ರತಿ ಪೆಟ್ಟಿಗೆಯಲ್ಲೂ "ಎಡಿಟ್, ಖಾಲಿ" ಎಂದಷ್ಟೇ ಹೇಳಿತು. ಎಲ್ಲಿ ಹೆಸರು ಬರೆಯಬೇಕು, ಎಲ್ಲಿ ಸಂಖ್ಯೆ ಬರೆಯಬೇಕು ಎಂದು ತೆರೆ ನೋಡದೆ ನನಗೇ ತಿಳಿಯಲಿಲ್ಲ, ಅರ್ಜಿ ಮಾಡಿಸಿದವನು ನಾನೇ ಆಗಿಯೂ. ಕೊನೆಗೆ ಬಂದದ್ದು ಕ್ಯಾಪ್ಚಾ: ಡೊಂಕು ಅಕ್ಷರಗಳ ಚಿತ್ರ, ಹೆಸರೂ ಇಲ್ಲ, ಬೇರೆ ದಾರಿಯೂ ಇಲ್ಲ. ನಮ್ಮ ತಾಣದಲ್ಲಿ ದೂರು ಕೊಡಲು ಕಣ್ಣಿರಬೇಕು ಎಂಬ ನಿಯಮವನ್ನು ನಾವು ಯಾರಿಗೂ ತಿಳಿಯದಂತೆ ಮಾಡಿಟ್ಟಿದ್ದೆವು.

ಈಗ ಎರಡು ಪ್ರಶ್ನೆ. ನಮ್ಮಲ್ಲಿ ಹಳೆಯ ನುಡಿ ಫಾಂಟಿನ ಮುನ್ನೂರರಷ್ಟು ಕಡತಗಳಿವೆ, ಅವನ್ನು ಹೇಗೆ ಯೂನಿಕೋಡ್ ಮಾಡುವುದು? ಎರಡನೆಯದು, ಒಬ್ಬರು ಫೋನು ಮಾಡಿ, ವರ್ಷಕ್ಕಿಷ್ಟೆಂದು ಕೊಟ್ಟರೆ ತಾಣದ ಮೂಲೆಯಲ್ಲಿ ಗಾಲಿಕುರ್ಚಿಯ ಚಿತ್ರದ ಒಂದು ಬಟನ್ ಕೂರಿಸಿ ಎಲ್ಲವನ್ನೂ ತಾನಾಗಿ ಸರಿಪಡಿಸುತ್ತೇವೆ ಎಂದರು. ನಂಬಬಹುದೇ?

ಜಾಲಕರ್ಮಿ, ಮೈಸೂರು

ಎರಡನೆಯದಕ್ಕೆ ಮೊದಲು ಉತ್ತರ: ಬೇಡ. ಆ ಬಟನ್ ಅಕ್ಷರ ದೊಡ್ಡದು ಮಾಡುತ್ತದೆ, ಬಣ್ಣ ತಿರುಗಿಸುತ್ತದೆ; ಇವೆರಡೂ ಬ್ರೌಸರಿನಲ್ಲಿಯೇ ಇವೆ. ಸ್ಕ್ಯಾನ್ ಮಾಡಿದ ಸುತ್ತೋಲೆಗೆ ಅದು ಅಕ್ಷರ ತುಂಬುವುದಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಇಂಥ ಬಟನ್ ಮಾರುವ ಒಂದು ಕಂಪನಿಯ ಮೇಲೆ, ಯಾವ ತಾಣವನ್ನೂ ಮಾರ್ಗಸೂಚಿಗೆ ಸರಿಹೊಂದಿಸುತ್ತೇವೆಂಬ ಸುಳ್ಳು ಭರವಸೆ ಕೊಟ್ಟಿತೆಂದು ಕ್ರಮ ಕೈಗೊಂಡು, 10 ಲಕ್ಷ ಡಾಲರ್ ಕಟ್ಟಿಸಲು ಮುಂದಾಯಿತು.

ಕ್ಯಾಪ್ಚಾವನ್ನು ತೆಗೆದುಹಾಕಿ. ನಿಮ್ಮಂಥ ಸಣ್ಣ ಅರ್ಜಿಗೆ, ಮನುಷ್ಯರ ಕಣ್ಣಿಗೂ ಸ್ಕ್ರೀನ್ ರೀಡರಿಗೂ ಸಿಗದಂತೆ ಮರೆಮಾಡಿದ ಒಂದು ಖಾಲಿ ಪೆಟ್ಟಿಗೆ ಇಟ್ಟರೆ ಸಾಕು. ಕ್ಯಾಪ್ಚಾ ತಡೆಯಬೇಕಿದ್ದ, ತಾವಾಗಿ ಅರ್ಜಿ ತುಂಬುವ ಯಂತ್ರಗಳು ಅದನ್ನೂ ತುಂಬಿ ಸಿಕ್ಕಿಬೀಳುತ್ತವೆ.

ಹಳೆಯ ಕಡತಗಳಿಗೆ ಪರಿವರ್ತಕಗಳಿವೆ, ನುಡಿ ಮತ್ತು ಬರಹ ತಂತ್ರಾಂಶಗಳ ಜೊತೆಯಲ್ಲೇ ಸಿಗುತ್ತವೆ. ಆದರೆ ಪರಿವರ್ತಿಸಿ ಹಾಗೆಯೇ ಏರಿಸಬೇಡಿ. ಹಳೆಯ ಕ್ರಮದಲ್ಲಿ ಅರ್ಕಾವತ್ತು ಬರೆದ ಕ್ರಮದಲ್ಲೇ, ಅಂದರೆ ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡಿನಲ್ಲಿ ಉಚ್ಚರಿಸುವ ಕ್ರಮದಲ್ಲಿ, ಅಕ್ಷರಕ್ಕಿಂತ ಮೊದಲು ಬರಬೇಕು. ಈ ಅದಲುಬದಲು ತಪ್ಪಿದರೆ "ಕರ್ನಾಟಕ" ಹೋಗಿ "ಕನಾರ್ಟಕ" ಆಗುತ್ತದೆ. ಪಿಡಿಎಫ್‌ನಿಂದ ನಕಲು ಮಾಡಿ ಅಂಟಿಸಿದಾಗಲೂ ಇದೇ ಅವತಾರ. ಬರೀ ಕಾಗದ ಉಳಿದಿರುವ ಹಳೆಯ ವರದಿಗಳಿಗೆ ಗೂಗಲ್ ಡ್ರೈವ್‌ನ ಅಕ್ಷರ ಗುರುತಿಸುವಿಕೆಯಾಗಲಿ ಟೆಸೆರಾಕ್ಟ್ ಎಂಬ ತಂತ್ರಾಂಶವಾಗಲಿ ಕನ್ನಡವನ್ನು ಬಹುಮಟ್ಟಿಗೆ ಹಿಡಿಯುತ್ತವೆ. ಒತ್ತಕ್ಷರಗಳನ್ನೂ ಅಂಕಿಗಳನ್ನೂ ಮಾತ್ರ ಒಬ್ಬರು ಕೂತು ಮೂಲದೊಂದಿಗೆ ತಾಳೆ ನೋಡಬೇಕು. ಪದ ತಪ್ಪಾದರೆ ಓದುವವರು ಊಹಿಸಿಕೊಂಡಾರು, ಅಂಕಿ ತಪ್ಪಾದರೆ ಊಹೆಗೆ ದಾರಿಯಿಲ್ಲ. ಮುನ್ನೂರನ್ನೂ ಒಟ್ಟಿಗೆ ಹಿಡಿಯಬೇಡಿ. ಈ ವರ್ಷದ ನೋಟಿಸು, ಬಡ್ಡಿದರ, ಆ ಸುತ್ತೋಲೆ, ಬೈಲಾ ಇವು ಮೊದಲು ಆಗಲಿ. 2009ರ ವಾರ್ಷಿಕ ವರದಿಯನ್ನು ಯಾರಾದರೂ ಕೇಳಿದಾಗ ಮಾಡಿಕೊಡಬಹುದು.

ಹಳೆಯ ಲೆಕ್ಕಿಗ

ತಾಳೆ ನೋಡುವ ಕೆಲಸ ನನಗೆ ಕೊಡಿ. ಅಂಕಿಗಳನ್ನು ಮೂಲದೊಂದಿಗೆ ಹೋಲಿಸುವುದನ್ನು ಬಿಟ್ಟು ನಾನು ಜೀವಮಾನದಲ್ಲಿ ಬೇರೇನೂ ಮಾಡಿಲ್ಲ. ಸಂಭಾವನೆ ಬೇಡ.

ಸಂಘದ ಗುಮಾಸ್ತ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಮಹಾಸಭೆಯ ನೋಟಿಸನ್ನು ಪುಟದಲ್ಲಿಯೇ ಪಠ್ಯವಾಗಿ ಹಾಕಿ, ಸಹಿಯ ಪ್ರತಿಯನ್ನು ಕೆಳಗೆ ಇಟ್ಟಿದ್ದೇವೆ. ಲೆಕ್ಕಿಗರು ಬೈಲಾದಲ್ಲಿ ಪರಿವರ್ತಕ ಮಾಡಿದ 41 ತಪ್ಪುಗಳನ್ನೂ, ನಮ್ಮ ಮೂಲದಲ್ಲೇ ಇದ್ದ ಮೂರು ತಪ್ಪುಗಳನ್ನೂ ಹಿಡಿದುಕೊಟ್ಟರು. ಮಂಡಳಿಯಲ್ಲಿ ಹಣ ಕೇಳಲಿಲ್ಲ. "ಮುಂದೆ ಯಾವ ನೋಟಿಸನ್ನೂ ಪಠ್ಯವಿಲ್ಲದೆ ಏರಿಸಕೂಡದು" ಎಂಬ ಒಂದು ಸಾಲಿನ ಠರಾವನ್ನಷ್ಟೇ ಕೇಳಿದೆ, ಆಯಿತು. ಹಿರಿಯ ಸದಸ್ಯರಿಗೆ ಫೋನು ಮಾಡಿ ಸುತ್ತೋಲೆಯನ್ನು ಮತ್ತೊಮ್ಮೆ ತೆರೆಯಲು ವಿನಂತಿಸಿದೆ. ಓದಿತಂತೆ. ಆದರೆ ಕೋಷ್ಟಕದ ಬಳಿ ಬಂದಾಗ "12, 9, 6, 50, 25" ಎಂದು ಬರೀ ಅಂಕಿಗಳ ಸರಣಿ ಕೇಳಿಸಿತಂತೆ. ಯಾವುದು ವರ್ಷ, ಯಾವುದು ರಿಯಾಯಿತಿ ಎಂದು ತಿಳಿಯಲಿಲ್ಲ ಎಂದರು. ಇದೇಕೆ ಹೀಗೆ?

ಕೇಳಿ ಓದುವವ

ನಾನೂ ಈಗ ತೆರೆದು ಕೇಳಿದೆ. ಕೋಷ್ಟಕದ ಮೊದಲ ಸಾಲನ್ನು ನೀವು ದಪ್ಪ ಅಕ್ಷರವಾಗಿ ಬರೆದಿದ್ದೀರಿ, ತಲೆಸಾಲು ಎಂದು ಗುರುತಿಸಿಲ್ಲ. ಗುರುತಿಸಿದರೆ ಪ್ರತಿ ಅಂಕಿಗೆ ಮುಂಚೆ "ಸುಸ್ತಿಯಾದ ವರ್ಷಗಳು", "ಬಡ್ಡಿ ರಿಯಾಯಿತಿ ಶೇಕಡಾ" ಎಂದು ಕಂಬದ ಹೆಸರನ್ನೂ ಯಂತ್ರ ಹೇಳುತ್ತದೆ. ಎರಡನೆಯ ಕಂಬದಲ್ಲಿ ಎರಡು ಮನೆಗಳನ್ನು ಒಂದುಗೂಡಿಸಿದ್ದೀರಿ, ಅದನ್ನೂ ಬಿಡಿಸಿ. ಅಲ್ಲಿಂದಾಚೆ ಎಲ್ಲ ಅಂಕಿಗಳೂ ಒಂದೊಂದು ಮನೆ ಪಕ್ಕಕ್ಕೆ ಸರಿದು ಕೇಳುತ್ತಿವೆ. ಹಾಗೆಯೇ ಮೂರನೆಯ ಸಾಲಿನ "ಷರತ್ತುಗಳು ಅನ್ವಯಿಸುತ್ತವೆ ಎ೦ದು" ಎಂಬಲ್ಲಿ ಕೊನೆಯ ಪದದ ಅನುಸ್ವಾರ ಸೊನ್ನೆಯಾಗಿದೆ. ಇದು ಲೆಕ್ಕಿಗರ ಕಣ್ಣಿಗೆ ಬೀಳಲಾರದು, ನನ್ನ ಕಿವಿಗೆ ಮಾತ್ರ ಬೀಳುವ ತಪ್ಪು.

ಸಂಘದ ಗುಮಾಸ್ತ

ಮೂರನ್ನೂ ತಿದ್ದಿದ್ದೇನೆ. ಬಿಡುವಾದಾಗ ಇನ್ನೊಮ್ಮೆ ಕೇಳಿ ತಿಳಿಸಿ. ನಾಳೆ ಬೆಳಗ್ಗೆ ಹತ್ತಕ್ಕೆ ಅವರಿಗೆ ಫೋನು ಮಾಡುತ್ತೇನೆಂದು ಹೇಳಿದ್ದೇನೆ.